ರೋಸಮಂಡ್‌ಳ ಸಮಾಧಿ ತೆಗೆಸಿದವರು

ಫೆಬ್ರವರಿ 20, ಗುರುವಾರ

ಮಾನ್ಯಾಳನ್ನು ಸ್ಕೂಲಿನಿಂದ ಕರೆತಂದೆ. ಲಾಸ್ ಆಲ್ಟೋಸ್ ಲೈಬ್ರರಿಯಲ್ಲಿ ಒಂದು ಗಂಟೆ. ಏಳನೇ ಕ್ಲಾಸಿನ ಪ್ರಾಜೆಕ್ಟು — ಮಧ್ಯಯುಗದ ಯಾರಾದರೊಬ್ಬರ ಬದುಕು. ಮಗಳು ಆರಿಸಿದ್ದು ರೋಸಮಂಡ್. ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ ಇಟ್ಟುಕೊಂಡವಳು. ಚಕ್ರವ್ಯೂಹದಂಥ ತೋಟದಲ್ಲಿ ಬಚ್ಚಿಟ್ಟಿದ್ದನಂತೆ. ರಾಣಿ ದಾರಿ ಹುಡುಕಿ ಬಂದು, ಕಠಾರಿಯೋ ವಿಷವೋ ಆರಿಸಿಕೋ ಅಂದಳಂತೆ. ಕಾರ್ಡ್‌ಬೋರ್ಡಿನಲ್ಲಿ ತೋಟ ಕತ್ತರಿಸುವ ಕೆಲಸ ನನ್ನದು.

ಈ ಹುಡುಗಿಗೆ ಬೇರೆ ಯಾರೂ ಸಿಗಲಿಲ್ಲವೇ?

ಫೆಬ್ರವರಿ 23, ಭಾನುವಾರ

ಹುಬ್ಬಳ್ಳಿಯಿಂದ ತಮ್ಮ ಶಿವರಾಜನ ಫೋನು. ಅಪ್ಪನ ವರ್ಷದ ಪುಣ್ಯಸ್ಮರಣೆ ಮಾರ್ಚ್ ಹದಿನೈದಕ್ಕೆ. ಹೋದ ಸಲದಂತೆ ಝೂಮ್ ನಾನೇ ನಡೆಸಬೇಕಂತೆ.

ಹೋದ ಸಲ... ಬರೆದೇ ಬಿಡುತ್ತೇನೆ. ಅಪ್ಪನ ಮಣ್ಣಿನ ದಿನ ಝೂಮಿನ ವೇಟಿಂಗ್ ರೂಮಿನಲ್ಲಿ ಒಂದು ಹೆಸರು ಬಂತು. ಬಂಗಾರೆವ್ವ. ಧಾರವಾಡದಲ್ಲಿ ಅಪ್ಪನ ಇನ್ನೊಂದು ಮನೆ, ಇಪ್ಪತ್ತೆರಡು ವರ್ಷ. ಒಳಗೆ ಬಿಡುವ ಅಡ್ಮಿಟ್ ಒತ್ತಲಿಲ್ಲ. ಸ್ಕ್ರೀನಿನಲ್ಲಿ ಎದುರಿಗೇ ಅವ್ವ ಕೂತಿದ್ದಳು, ಅವಳ ಮರ್ಯಾದೆಯ ಪ್ರಶ್ನೆ ಅಂದುಕೊಂಡೆ. ನಲವತ್ತು ನಿಮಿಷ ಆ ಹೆಸರು ಅಲ್ಲೇ ಇತ್ತು. ಆಮೇಲೆ ಹೋಯಿತು. ಕಾಯುವವರಿಗೆ ಕಾಣುವುದು ಮೀಟಿಂಗ್ ನಡೆಸುವವರ ಹೆಸರು. ಅಂದರೆ ನನ್ನ ಹೆಸರು.

ನನ್ನ ಬಾಣಂತನಕ್ಕೆ ಅಂಟಿನುಂಡಿ ಕಟ್ಟಿ ಕಳಿಸಿದ್ದವಳು. ಅವ್ವ ಕಟ್ಟಿದ್ದೆಂದುಕೊಂಡು ತಿಂದೆ. ಆಕೆ ನಿನಗೆ ಚಿಕ್ಕಮ್ಮನೇ, ಚಿಗವ್ವ ಅನ್ನು ಎಂದು ಅಪ್ಪ ಒಮ್ಮೆ ಕೇಳಿಕೊಂಡಿದ್ದ. ಅನ್ನಲಿಲ್ಲ.

ಮಾರ್ಚ್ 6, ಗುರುವಾರ

ವಿಷ, ಕಠಾರಿ ಎಲ್ಲ ಸುಳ್ಳಂತೆ. ರೋಸಮಂಡ್ ಸತ್ತಾಗ ರಾಣಿಯೇ ರಾಜನ ಸೆರೆಯಲ್ಲಿದ್ದಳು. ಚರ್ಚಿನೊಳಗಿನ ರೋಸಮಂಡ್‌ಳ ಸಮಾಧಿಗೆ ಸನ್ಯಾಸಿನಿಯರು ರೇಷ್ಮೆ ಹೊದಿಸಿ ದೀಪ ಹಚ್ಚುತ್ತಿದ್ದರು. ವರ್ಷಗಳ ಮೇಲೆ ಬಿಷಪ್ ಒಬ್ಬ ಬಂದು, ಇಂಥವಳು ಚರ್ಚಿನೊಳಗೆ ಬೇಡ ಎಂದು ಸಮಾಧಿಯನ್ನೇ ಹೊರಗೆ ಹಾಕಿಸಿದ.

"ಹಿ ನೆವರ್ ಈವನ್ ಮೆಟ್ ಹರ್, ಅಮ್ಮಾ," ಅಂದಳು ಮಾನ್ಯಾ.

ತೋಟದ ಗೋಡೆಗೆ ಅಂಟು ಹಚ್ಚುತ್ತ ಕೂತೆ. ತಲೆ ಎತ್ತಲಾಗಲಿಲ್ಲ.

ಮಾರ್ಚ್ 9, ಭಾನುವಾರ

ಅವ್ವನಿಗೆ ಫೋನ್ ಮಾಡಿದೆ. ಈ ಸಲ ಬಂಗಾರೆವ್ವ ಬಂದರೆ ಬೇಜಾರೇ ಎಂದು ಸುತ್ತಿ ಬಳಸಿ ಕೇಳಿದೆ. ಅವ್ವ ಸಿಡುಕಿದಳು.

"ಮಂದಿ ಮುಂದ ಮನಿಗೆ ಬರಾಕ ಆಕಿ ಹಿಂಜರೀತಾಳಂತ ಹೋದ ವರ್ಷ ಶಿವರಾಜನ ಕೈಲೆ ಲಿಂಕ್ ಕಳಿಸಿದಾಕಿನ ನಾನು. ಕಡೀಕ ಒಂದ್ಸಲ ಮುಖಾ ನೋಡಾಕ ಬರಲಿಲ್ಲ ನೋಡು. ಅದನ್ನ ನಾ ಮರೀಲಿಕ್ಕೆ ಆಗಂಗಿಲ್ಲ."

ಒಂದು ವರ್ಷದಿಂದ ಅವ್ವನ ಸಿಟ್ಟು ಆಕೆಯ ಮೇಲಿದೆ. ಹೇಳಬೇಕಿತ್ತು. ಮಾನ್ಯಾಳ ಪ್ರಾಜೆಕ್ಟಿನ ಸುದ್ದಿ ಹೇಳಿ ಫೋನಿಟ್ಟೆ. ಹೇಡಿ.

ಮಾರ್ಚ್ 14, ಶುಕ್ರವಾರ. ಸಂಜೆ 7:50. ಹುಬ್ಬಳ್ಳಿಯಲ್ಲಿ ಶನಿವಾರ ಬೆಳಿಗ್ಗೆ

ಏಳು ಗಂಟೆಗೇ ಬಂಗಾರೆವ್ವನ ಹೆಸರು ಬಂತು. ಅಡ್ಮಿಟ್ ಒತ್ತಿದೆ. ಬಿಳಿಕೂದಲು, ಹಣೆಯ ಮೇಲೆ ವಿಭೂತಿ. ಇಷ್ಟು ಸಣ್ಣಗಾಗಿದ್ದಾಳೆ.

ಎಲ್ಲರ ಮುಂದೆ ಅವ್ವ ಕೇಳಿಯೇಬಿಟ್ಟಳು, ಹೋದ ವರ್ಷ ಯಾಕೆ ಬರಲಿಲ್ಲ ಎಂದು. ಬಂಗಾರೆವ್ವ ಸೆರಗು ಸರಿಮಾಡಿಕೊಂಡಳು.

"ಫೋನ್ ಕೆಟ್ಟಿತ್ರೀ ಅಕ್ಕಾರ. ನಂದ ತಪ್ಪು."

ಒಳಗೆ ಬಿಡದವಳು ನಾನೆಂದು ಗೊತ್ತಿದೆ ಆಕೆಗೆ. ಗೊತ್ತಿದ್ದೂ ಹಾಗೆಂದಳು. ನಾನು ಮ್ಯೂಟಿನಲ್ಲಿ ಕೂತಿದ್ದೆ.

ಪೂಜೆ ಮುಗಿಯಿತು. ಎಲ್ಲರೂ ಹೋದರು. ಸ್ಕ್ರೀನಿನ ಮೇಲೆ ಅವ್ವ, ಆಕೆ, ಇನ್ನೂ ಏನೋ ಮಾತು. ಮ್ಯೂಟ್ ತೆಗೆಯಬೇಕು. ಬಾಯಿ ತಪ್ಪದಿರಲೆಂದು ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ — ಚಿಗವ್ವಾ, ಅವತ್ತು ನಿಮ್ಮ ಫೋನು ಕೆಟ್ಟಿರಲಿಲ್ಲ, ನಾನೇ...