ಮನಸ್ಸಿನ ಮಾತು ಕೇಳದ ಸ್ನಾಯು

ಅಪ್ಪಾ,

ಇವತ್ತು ಮೆಡಿಕಲ್ ಕಾಲೇಜಿನ ಫಿಸಿಯಾಲಜಿ ಮೌಖಿಕ ಪರೀಕ್ಷೆಯಲ್ಲಿ ಎಲ್ಲರೆದುರೇ ನನಗೆ ಉಬ್ಬಸ ಬಂತು. ಮನೆಯಲ್ಲೂ ಹಾಸ್ಟೆಲ್‌ನಲ್ಲೂ ಹತ್ತು ವರ್ಷ ಬಾತ್‌ರೂಮಿಗೆ ಓಡಿ ಕದ್ದು ಎಳೆಯುತ್ತಿದ್ದ ಇನ್ಹೇಲರನ್ನು ಪರೀಕ್ಷೆ ಮಾಡುತ್ತಿದ್ದ ಮೇಡಂ ಮುಂದೆಯೇ ಎಳೆದೆ.

ಉಸಿರು ತಹಬಂದಿಗೆ ಬಂದ ಮೇಲೆ ಅವರು ಕೇಳಿದರು, "ಈಗ ಒಳಗೇನಾಯ್ತು, ಹೇಳಮ್ಮ."

"ಶ್ವಾಸನಾಳದ ಸ್ಮೂತ್ ಮಸಲ್ ಬಿಗಿದಿತ್ತು ಮೇಡಂ. ಔಷಧಿ ಸಡಿಲ ಮಾಡ್ತು."

"ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸಡಿಲ ಆಗಲ್ವಾ?"

ನಿಮ್ಮದೇ ಮಾತು!

"ಇಲ್ಲ ಮೇಡಂ. ಆ ಸ್ನಾಯು ನನ್ನ ಮಾತೂ ಕೇಳಲ್ಲ, ನಮ್ಮಪ್ಪನ ಮಾತೂ ಕೇಳಲ್ಲ."

ಬ್ಯಾಚಿನವರೆಲ್ಲ ನಕ್ಕರು. ನಾನೂ ನಕ್ಕೆ.

ನನ್ನ ಉಬ್ಬಸವನ್ನು ನೀವು ನಾಟಕ ಅನ್ನುತ್ತಿದ್ದಿರಿ. ನಾಟಕವಲ್ಲ ಅಪ್ಪಾ, ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಇದೇ ಉಬ್ಬಸದಿಂದ ಉಸಿರು ಕಟ್ಟಿ ನೀವು ತೀರಿಹೋದ ದಿನ ನಿಮ್ಮ ಜೇಬಿನಲ್ಲಿ ಸಿಕ್ಕ, ಸೀಲ್ ಕೂಡ ಒಡೆಯದ ಇನ್ಹೇಲರನ್ನು ನನ್ನದರ ಪಕ್ಕದಲ್ಲೇ, ಎಲ್ಲರಿಗೂ ಕಾಣುವ ಹಾಗೆ ಹಾಸ್ಟೆಲ್ ರೂಮಿನ ಮೇಜಿನ ಮೇಲಿಟ್ಟಿದ್ದೇನೆ.

ಬಂದು ಬೈಯಿರಿ, ನೋಡೋಣ.