ಮಹಡಿ ಮನೆಯ ದೋಣಿ

ಜನ್ನಾಪುರ, ಭದ್ರಾವತಿ
೧೨ ಫೆಬ್ರವರಿ ೨೦೨೫, ಬುಧವಾರ

ಚಿ. ಸೌ. ಸ್ಫೂರ್ತಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಎಲ್ಲರೂ ಎಂದರೆ ನಿಮ್ಮಪ್ಪ ಮತ್ತು ನೀನು ಕಳಿಸಿದ ಮಷೀನು. ನನ್ನನ್ನು ಆ ಪೈಕಿ ಸೇರಿಸಬೇಡ. ನನ್ನ ಸೊಂಟ ಹಿಡಿದಿದೆ, ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ತಾಳ್ಮೆಯ ವಿಚಾರ ಕೇಳಲೇಬೇಡ.

ಶಿವಮೊಗ್ಗದಲ್ಲಿರುವ ಮಗಳಿಗೆ ಭದ್ರಾವತಿಯಿಂದ ಈ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರಾ ಎಂದು ನೀನು ನಗುತ್ತೀಯ. ಫೋನ್ ಮಾಡೋಣವೆಂದರೆ ನಿನ್ನ ಹೆಸರು ಬೆಳಗಿದ ಕೂಡಲೇ ನಿಮ್ಮಪ್ಪ ‘ಸ್ಪೀಕರಿಗೆ ಹಾಕೇ’ ಅನ್ನುತ್ತಾರೆ. ತಮ್ಮ ಮೇಲಿನ ಚಾಡಿಯನ್ನು ತಾವೇ ಕೂತು ಕೇಳಿ, ನಡುನಡುವೆ ತಿದ್ದುಪಡಿಗಳನ್ನೂ ಸೂಚಿಸುತ್ತಾರೆ. ಇಂಥ ಸಭೆಯಲ್ಲಿ ಏನನ್ನು ತಾನೇ ಹೇಳಲಿ? ಅದಕ್ಕೇ ನಿನ್ನ ಆಫೀಸಿಗೆ ಇಲ್ಲಿಂದ ದಿನಾ ಓಡಾಡುವ ಮೈತ್ರಿಯ ಕೈಯಲ್ಲಿ, ಚಟ್ನಿಪುಡಿ ಡಬ್ಬಿಯ ಜೊತೆ, ಇದನ್ನು ಕಳಿಸುತ್ತಿದ್ದೇನೆ. ಓದಿ ಹರಿದುಹಾಕು. ಚಟ್ನಿಪುಡಿ ಇಟ್ಟುಕೋ.

ಮೊದಲು ನಿನ್ನ ಮೇಲಿನ ದೂರು. ಅಪ್ಪನ ಹೃದಯಕ್ಕೆ ಒಳ್ಳೆಯದು ಎಂದು ಮನೆಯೊಳಗೆ ದೋಣಿ ನಡೆಸುವ ಮಷೀನು ಕಳಿಸಿದೆಯಲ್ಲ, ಕಳಿಸುವ ಮುಂಚೆ ನಮ್ಮ ಮನೆಯ ಉದ್ದ ಎಷ್ಟೆಂದು ನೆನಪಿಸಿಕೊಂಡಿದ್ದೆಯಾ? ಅದರ ಮೂತಿ ಟಿವಿಗೆ ತಾಗುತ್ತದೆ, ಬಾಲ ಅಡುಗೆಮನೆಯ ಹೊಸ್ತಿಲ ಮೇಲಿದೆ. ಹಿಡಿ ಎಳೆದುಕೊಂಡು ಹಿಂದಕ್ಕೆ ಜಾರಿದರೆ ಬೆನ್ನು ಅಡುಗೆಮನೆ ಸೇರುತ್ತದೆ, ಮುಂದಕ್ಕೆ ಬಂದರೆ ನಡುಮನೆ. ಮದುವೆಯಾದಂದಿನಿಂದ ನಾನು ಮಾಡುತ್ತಿರುವ ಪ್ರಯಾಣವೂ ಇದೇ. ಅದಕ್ಕೆ ಇಷ್ಟು ದುಬಾರಿ ಸಾಮಾನು ಬೇಕಾಗಿರಲಿಲ್ಲ.

ಅದನ್ನು ಜೋಡಿಸಿದ್ದು ನಾನು. ನಿಮ್ಮಪ್ಪ ಕುರ್ಚಿಯಲ್ಲಿ ಕೂತು ಆಜ್ಞೆ ಕೊಟ್ಟರು. ಡ್ರಿಲ್ ಮೇಷ್ಟ್ರಾಗಿ ನಿವೃತ್ತಿಯಾದವರಿಗೆ ಗಂಟಲು ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ‘ಎಡಕ್ಕೆ! ಎಡಕ್ಕೆ!’ ಅನ್ನುತ್ತಾರೆ. ಅವರ ಎಡವೋ ನನ್ನ ಎಡವೋ ಎಂದು ತೀರ್ಮಾನವಾಗುವಷ್ಟರಲ್ಲಿ ಬೋಲ್ಟು ದಿವಾನದ ಕೆಳಗೆ ಉರುಳಿತ್ತು. ಎಲ್ಲ ಮುಗಿಯಿತು ಅಂದುಕೊಂಡರೆ ಮುಂದಿನ ಗಾಜಿನಂಥ ಟ್ಯಾಂಕಿಗೆ ನೀರು ತುಂಬಬೇಕಂತೆ. ಅವತ್ತು ನಲ್ಲಿಯಲ್ಲಿ ನೀರು ಬರುವ ದಿನವಲ್ಲ. ಫಿಲ್ಟರಿನಲ್ಲಿದ್ದ ಕುಡಿಯುವ ನೀರನ್ನೆಲ್ಲ ಸುರಿದೆ. ‘ಮನುಷ್ಯರಿಗೆ ಕುಡಿಯೋಕೆ ನೀರಿಲ್ಲ, ದೋಣಿಗೆ ಫಿಲ್ಟರ್ ನೀರು’ ಎಂದು ನಿಮ್ಮಪ್ಪ ಛೇಡಿಸಿದರು. ಹತ್ತಿ ಕೂರಿ ಅಂದೆ. ‘ನಾಳೆ’ ಅಂದರು.

ಆ ನಾಳೆಯ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ನೀನು ಭಾನುವಾರ ಬಂದಾಗ ಅವರು ಇಸ್ತ್ರಿ ಶರ್ಟು ಹಾಕಿಕೊಂಡು, ಬಾಗಿಲ ಹತ್ತಿರ ನಿಂತುಕೊಂಡು ‘ಈಗ ತಾನೇ ವಾಕಿಂಗ್ ಮುಗಿಸಿದೆ’ ಅನ್ನುತ್ತಾರಲ್ಲ, ಸುಳ್ಳು. ದೀಪಾವಳಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದು ಈ ಮೆಟ್ಟಿಲು ಹತ್ತಿದವರು, ಚೆಕಪ್ಪಿಗೆ ನಿನ್ನ ಗಂಡ ಕೈ ಹಿಡಿದು ಇಳಿಸಿದ್ದು ಬಿಟ್ಟರೆ, ತಾವಾಗಿ ಇಳಿದಿಲ್ಲ. ಕೆಮ್ಮಿದರೆ ಎದೆ ಮುಟ್ಟಿಕೊಳ್ಳುತ್ತಾರೆ. ಕೈಜಾರಿ ಬಿದ್ದ ಪೇಪರನ್ನು ಎತ್ತಿಕೊಡಲು ನನ್ನನ್ನು ಕೂಗುತ್ತಾರೆ. ಅರ್ಧ ಭದ್ರಾವತಿಯ ಮಕ್ಕಳನ್ನು ಮೈದಾನದ ಸುತ್ತ ಅಟ್ಟಿಸಿಕೊಂಡು ಓಡಿಸಿದ ಮನುಷ್ಯ ಕಣೇ ಇದು! ಸ್ಟೆಂಟ್ ಹಾಕಿದ ಡಾಕ್ಟರು ಕಳೆದ ಸಲ ನನ್ನನ್ನು ಮಾತ್ರ ಒಳಗೆ ಕರೆದು ಹೇಳಿದ್ದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ‘ರಕ್ತನಾಳ ನಾನು ಬಿಡಿಸಿದೀನಿ, ಕುರ್ಚಿ ನೀವು ಬಿಡಿಸ್ಬೇಕಮ್ಮ. ಹೀಗೇ ಕೂತಿದ್ರೆ ವರ್ಷದೊಳಗೆ ಮತ್ತೆ ನನ್ನ ಹತ್ರಾನೇ ಬರ್ತಾರೆ’ ಅಂದರು. ಈ ಮಷೀನಿಗೂ ಅವರು ಒಪ್ಪಿದ್ದರು. ಮಾತಾಡಿಕೊಂಡು ಎಳೆಯುವಷ್ಟು ಮೆತ್ತಗೆ ಎಳೆಯಲಿ, ಸಾಕು ಅಂದಿದ್ದರು. ನಿಮ್ಮಪ್ಪ ಮಾತಾಡುವ ಭಾಗವನ್ನು ಮಾತ್ರ ಪಾಲಿಸಿದರು.

ಹೇಳಿ ಸಾಕಾಯಿತು. ಗದರಿದೆ, ಅತ್ತೆ, ಒಂದು ದಿನ ಕಾಫಿಯನ್ನೂ ನಿಲ್ಲಿಸಿದೆ. ಕೊನೆಗೆ ನಾನೇ ಹತ್ತಿ ಕೂತರೆ ರೋಷವಾದರೂ ಬಂದೀತು ಎಂದು ಹೊರಟೆ.

ಮೊದಲ ದಿನ ಸೀರೆಯಲ್ಲೇ ಕೂತೆ. ಸೀಟಿನ ಚಕ್ರಕ್ಕೂ ಸೆರಗಿಗೂ ಏನೋ ಹಳೆಯ ದ್ವೇಷವಿರಬೇಕು, ಹಿಡಿದದ್ದು ಬಿಡಲಿಲ್ಲ. ಮಾರನೆಯ ದಿನ ನೀನು ಕಾಲೇಜಿನಲ್ಲಿ ಹಾಕಿ ಬಿಟ್ಟುಹೋದ ಟ್ರ್ಯಾಕ್ ಪ್ಯಾಂಟು ಹುಡುಕಿ ತೆಗೆದೆ. ಅದರೊಳಗೆ ನಾನು ಹೇಗೆ ಹೊಕ್ಕೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ, ಚಟ್ನಿಪುಡಿಯ ಜೊತೆ ಹೋಗುವ ಕಾಗದ ಇದು. ಕಾಲಿಗೆ ಪಟ್ಟಿ ಬಿಗಿದುಕೊಂಡು ಹಿಡಿ ಹಿಡಿದು ಎಳೆದೆ. ಹೊಳೆಹೊನ್ನೂರಿನ ತವರಲ್ಲಿ ಬಾವಿಯಿಂದ ಕೊಡಗಟ್ಟಲೆ ನೀರು ಸೇದಿದ ಕೈ ನನ್ನದು, ಇದು ಯಾವ ಲೆಕ್ಕ ಎಂಬ ಜಂಬ. ನಾಲ್ಕು ಎಳೆತಕ್ಕೆ ಭುಜ ಇಳಿದುಹೋಯಿತು. ನೀನು ಕಳಿಸಿದ ವಿಡಿಯೋ ನೋಡಿದರೆ ಆ ಹುಡುಗ ಹೇಳುತ್ತಾನೆ, ಇದು ಕೈಯ ಕೆಲಸವೇ ಅಲ್ಲವಂತೆ. ಮೊದಲು ಕಾಲು ಒದೆಯಬೇಕು, ಆಮೇಲೆ ಬೆನ್ನು ವಾಲಬೇಕು, ಕೊನೆಗೆ ಕೈ ಮಡಚಬೇಕು. ಮುಂದೆ ಬರುವಾಗ ಎಲ್ಲ ತಿರುಗುಮುರುಗು: ಕೈ, ಬೆನ್ನು, ಕಾಲು. ಅಷ್ಟೇ, ಬಹಳ ಸುಲಭ ಎಂದು ನಗುತ್ತಾನೆ. ಅವನ ಹಲ್ಲು ನೋಡಿದರೇ ನನಗೆ ಮೈ ಉರಿಯುತ್ತದೆ.

ಕಾಲು ಒದ್ದೆ. ಸೀಟು ಹಿಂದಕ್ಕೆ ಹೋಯಿತು, ಹಿಡಿ ಮುಂದೆಯೇ ಉಳಿಯಿತು, ನಾನು ನಡುವೆ ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ಇದ್ದೆ. ಮುಂದಕ್ಕೆ ಬರುವಾಗ ಕೈಗಿಂತ ಮೊದಲು ಮಂಡಿ ಎದ್ದು, ಹಿಡಿ ಬಂದು ಮಂಡಿಗೆ ಬಡಿಯಿತು. ದಿನಾ ಅದೇ ಮಂಡಿಗೆ. ಕುರ್ಚಿಯಿಂದ ನಿಮ್ಮಪ್ಪ, ‘ಎಲ್ಲಿಗೆ ಬಂತು ಮಾರಾಯ್ತಿ, ಹೊಳೆಹೊನ್ನೂರು ಬಂತಾ? ಕಾಫಿ ಹೊತ್ತಿಗಾದ್ರೂ ವಾಪಸ್ ಬಾ’ ಅನ್ನುತ್ತಿದ್ದರು. ರೋಷವಂತೆ ರೋಷ! ಅವರಿಗೆ ಬೆಳಗಿನ ಮನರಂಜನೆಯಾಯಿತು ಅಷ್ಟೇ. ಆದರೂ ಬಿಡಲಿಲ್ಲ. ಸಿಟ್ಟು ಬಂದಷ್ಟೂ ಎಳೆದೆ. ಟ್ಯಾಂಕಿನ ನೀರು ಪ್ರತಿ ಎಳೆತಕ್ಕೂ ಝುಳ್ ಎಂದು ಸುತ್ತಿ, ಗಳಗಳ ಎಂದು ಇಳಿಯುತ್ತಿತ್ತು. ಇಡೀ ಮನೆಯಲ್ಲಿ ನನ್ನ ಮಾತಿಗೆ ಉತ್ತರ ಕೊಡುತ್ತಿದ್ದುದು ಅದೊಂದೇ.

ಆ ಸದ್ದಿನಿಂದಲೇ ಗಂಡಾಂತರ ಬಂದದ್ದು.

ನಮ್ಮ ಬೀದಿಯ ನೀರಿನ ವಿಚಾರ ನಿನಗೆ ಗೊತ್ತು. ದಿನ ಬಿಟ್ಟು ದಿನ, ಬೆಳಗಿನ ಜಾವ, ಅದೂ ಕೆಳಗಿನ ಮನೆಯ ಉಜ್ಜನಪ್ಪನವರ ಸಂಪ್ ತೊಟ್ಟಿಗೆ ಬಂದು, ಅವರು ವಾಲ್ವ್ ತಿರುಗಿಸಿದ ಮೇಲೆ ನಮಗೆ. ಮನೆ ಬಾಡಿಗೆಯ ವಿಷಯದಲ್ಲಿ ದೇವರಂಥವರು, ನೀರಿನ ವಿಷಯದಲ್ಲಿ ಪೊಲೀಸಿನವರು. ಮಹಡಿಯ ಮೇಲೆ ಝುಳ್ ಎಂದು ಕೇಳಿಸಿದ ಮೊದಲ ದಿನ ಅವರ ಹೆಂಡತಿ ವೀರಮ್ಮನವರು ನೀರು ಬಂತೆಂದು ಎದ್ದುಬಿದ್ದು ಓಡಿ, ಕೊಡಗಳನ್ನೆಲ್ಲ ನಲ್ಲಿಯ ಕೆಳಗೆ ಸಾಲಾಗಿಟ್ಟು ಕೂತರಂತೆ. ಬಂದದ್ದು ಗಾಳಿ. ಮುಂದಿನ ಸಲವೂ ಗಾಳಿ. ಕೆಳಗೆ ಗಾಳಿ, ಮೇಲೆ ಗಳಗಳ. ಉಜ್ಜನಪ್ಪನವರು ಲೆಕ್ಕ ಹಾಕಿದರು: ಮೇಷ್ಟ್ರ ಮನೆಯವರು ಪೈಪಿಗೆ ಕದ್ದು ಮೋಟರ್ ಕೂರಿಸಿ ನೀರೆಳೆಯುತ್ತಿದ್ದಾರೆ! ಕಳೆದ ವಾರದ ಶುರುವಿಗೆ ನಮ್ಮ ಮನೆಗೆ ಬರುವ ವಾಲ್ವ್ ಮುಚ್ಚಿಬಿಟ್ಟರು. ಯಾಕೆಂದು ಹೇಳಲೂ ಇಲ್ಲ.

ಕಳೆದ ಗುರುವಾರ ಬೆಳಿಗ್ಗೆ ಬಾಗಿಲು ಬಡಿದರು. ನಾನು ಟ್ರ್ಯಾಕ್ ಪ್ಯಾಂಟಿನಲ್ಲಿದ್ದೆ. ಪಟ್ಟಿ ಬಿಚ್ಚಿ ಅಡುಗೆಮನೆಗೆ ಓಡಿ ಬಾಗಿಲ ಹಿಂದೆ ನಿಂತೆ. ಪಟ್ಟಿ ಬಿಚ್ಚದೆ ಓಡುವ ತಪ್ಪನ್ನು ಮೊದಲ ವಾರವೇ ಮಾಡಿ ಮುಗಿಸಿದ್ದೆ. ನಿಮ್ಮಪ್ಪ ಕುರ್ಚಿಯಿಂದಲೇ ‘ಬಾಗಿಲು ತೆಗೆದೇ ಇದೆ’ ಅಂದರು.

ಉಜ್ಜನಪ್ಪನವರು ಒಳಗೆ ಬಂದವರೇ, ‘ಮೇಷ್ಟ್ರೇ, ಮರ್ಯಾದೆಗೆ ಇಷ್ಟು ದಿನ ಸುಮ್ನಿದ್ದೆ. ನಮ್ಮನೆ ನಲ್ಲೀಲಿ ಗಾಳಿ ಬರುತ್ತೆ, ನಿಮ್ಮನೇಲಿ ಹೊಳೆ ಹರಿಯುತ್ತೆ. ಮೋಟರ್ ಎಲ್ಲಿಟ್ಟಿದೀರಿ ತೋರ್ಸಿ’ ಅಂದರು. ಅಷ್ಟರಲ್ಲಿ ಅವರ ಕಣ್ಣು ಟ್ಯಾಂಕಿನ ಮೇಲೆ ಬಿತ್ತು. ಒಳಗೆ ನೀರು ಇನ್ನೂ ಓಲಾಡುತ್ತಿತ್ತು. ‘ಅಬ್ಬಬ್ಬಾ! ನಡುಮನೇಲೇ ಟ್ಯಾಂಕ್ ಇಟ್ಕೊಂಡಿದೀರಲ್ರೀ!’

ಅದು ವ್ಯಾಯಾಮದ ಮಷೀನು, ಮಗಳು ಕಳಿಸಿದ್ದು, ಅದಕ್ಕೆ ಮೋಟರೇ ಇಲ್ಲ, ಮನುಷ್ಯರೇ ಎಳೆಯಬೇಕು ಎಂದು ನಿಮ್ಮಪ್ಪ ಗಂಭೀರವಾಗಿ ವಿವರಿಸಿದರು.

‘ಯಾವ ಮನುಷ್ಯರು?’ ಎಂದು ಕೇಳಿದರು ಉಜ್ಜನಪ್ಪನವರು.

ಹೆಂಡತಿ ಪ್ಯಾಂಟು ಹಾಕಿಕೊಂಡು ದಿನಾ ಬೆಳಿಗ್ಗೆ ದೋಣಿ ನಡೆಸುತ್ತಾಳೆ, ನಾನು ಕೂತು ನೋಡುತ್ತೇನೆ ಎಂದು ಮನೆ ಮಾಲೀಕರ ಮುಂದೆ ಯಾವ ಡ್ರಿಲ್ ಮೇಷ್ಟ್ರು ಹೇಳಿಯಾರು? ‘ನಾನೇ’ ಅಂದರು ನಿಮ್ಮಪ್ಪ.

ಉಜ್ಜನಪ್ಪನವರು ನಕ್ಕೇಬಿಟ್ಟರು. ‘ನೀವಾ? ಮೆಟ್ಟಿಲು ಇಳಿಯೋಕಾಗಲ್ಲ ಅಂತ ಬಾಡಿಗೇನೂ ನಾನೇ ಬಂದು ಇಸ್ಕೊಂಡು ಹೋಗ್ತೀನಿ. ಸುಳ್ಳಾದ್ರೂ ಸ್ವಲ್ಪ ಹೊಂದೋ ಹಾಗೆ ಹೇಳಿ ಮೇಷ್ಟ್ರೇ.’

ಕುರ್ಚಿ ಕಿರ್ ಅಂದಿತು. ಬಾಗಿಲ ಸಂದಿನಿಂದ ನೋಡಿದರೆ ನಿಮ್ಮಪ್ಪ ಎದ್ದು ನಿಂತಿದ್ದರು. ಪಂಚೆ ಮೇಲೆತ್ತಿ ಕಟ್ಟಿ, ಸೀಟಿನ ಮೇಲೆ ಕೂತು, ಬಗ್ಗಿ ತಾವೇ ಪಟ್ಟಿ ಬಿಗಿದರು. ಪೇಪರಿಗೆ ಬಗ್ಗದ ಮನುಷ್ಯ! ಹಿಡಿ ಹಿಡಿದು ಒಂದು ಕ್ಷಣ ಹಾಗೇ ಕೂತರು. ಆಮೇಲೆ ಎಳೆದರು. ಕಾಲು, ಬೆನ್ನು, ಕೈ. ಮುಂದೆ ಬರುವಾಗ ಕೈ, ಬೆನ್ನು, ಕಾಲು. ಮಂಡಿಗೆ ತಾಗಲೇ ಇಲ್ಲ ಕಣೇ! ನಾನು ಮಂಡಿ ಚಚ್ಚಿಕೊಂಡು ಕಲಿತದ್ದನ್ನು ಕುರ್ಚಿಯಲ್ಲಿ ಕೂತು ಪುಕ್ಕಟೆ ಕಲಿತಿದ್ದರು. ಟ್ಯಾಂಕು ಝುಳ್ ಅಂದಿತು. ಹೊಟ್ಟೆ ಉರಿಯಿತೋ, ಕಣ್ಣು ಉರಿಯಿತೋ, ನನಗೇ ಗೊತ್ತಾಗಲಿಲ್ಲ.

ನಾಲ್ಕೈದು ಸಲ ಎಳೆದು ನಿಲ್ಲಿಸಿದರು. ಎದೆಯ ಮೇಲೆ ಕೈ ಹೋಯಿತು. ಉಜ್ಜನಪ್ಪನವರು ನಗು ನಿಲ್ಲಿಸಿ, ‘ಮೇಷ್ಟ್ರೇ, ಸಾಕು ಬಿಡಿ, ನಂಗೆ ಗೊತ್ತಾಯ್ತು’ ಅಂದರು. ನಿಮ್ಮಪ್ಪ ಕೈ ಕೆಳಗಿಳಿಸಿ, ‘ಏನ್ ಗೊತ್ತಾಯ್ತು? ಸರಿಯಾಗಿ ಕೇಳಿ’ ಎಂದು ಮತ್ತೆ ಎಳೆದರು. ಮೆತ್ತಗೆ, ಮಾತಾಡಿಕೊಂಡೇ.

ವಾಲ್ವ್ ಅವತ್ತೇ ತೆರೆಯಿತು. ನನ್ನ ಕಷ್ಟ ಅವತ್ತೇ ಶುರುವಾಯಿತು. ಈಗ ಬೆಳಿಗ್ಗೆ ಎದ್ದ ಕೂಡಲೇ ಅವರೇ ಸೀಟು ಹಿಡಿಯುತ್ತಾರೆ. ನನ್ನ ಸರದಿ ಬಂದರೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ‘ಬೆನ್ನು ನೆಟ್ಟಗೆ! ಕೈ ಆಮೇಲೆ!’ ಎಂದು ನನಗೇ ಡ್ರಿಲ್ ಮಾಡಿಸುತ್ತಾರೆ. ಉಜ್ಜನಪ್ಪನವರು ಹೆಗಲಿಗೊಂದು ಟವೆಲ್ ಹಾಕಿಕೊಂಡು ಮೇಲೆ ಬಂದು, ತಮಗೂ ಒಂದು ಸುತ್ತು ಬೇಕೆಂದು ಕೂರುತ್ತಾರೆ. ಅವರಿಗೆ ಕಾಫಿ, ಇವರಿಗೆ ಗಂಜಿ, ನನಗೆ ಎರಡೂ ಪಾತ್ರೆ. ತಿಂಗಳಿಂದ ದಿನಾ ತಾವೇ ಎಳೆಯುತ್ತಿರುವುದಾಗಿ ನಿಮ್ಮಪ್ಪ ಬೀದಿಗೆಲ್ಲ ಹೇಳಿಸಿದ್ದಾರೆ. ನನ್ನ ಒಂದು ತಿಂಗಳ ದುಡಿಮೆ ಪೂರ್ತಿ ಅವರ ಹೆಸರಿಗಾಯಿತು. ಬೊಬ್ಬೆ ಮಾತ್ರ ನನ್ನ ಕೈಯಲ್ಲೇ ಉಳಿದಿದೆ.

ನಿನ್ನೆ ಮಾತ್ರ ಒಂದು ಆಯಿತು. ಬಾಡಿಗೆ ಕೊಡಲು ತಾವೇ ಕೆಳಗಿಳಿದರು. ಮೆಟ್ಟಿಲ ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು. ನಾನು ಮೇಲಿಂದ ಬಟ್ಟೆ ಒಣಗಿಸುವವಳ ಹಾಗೆ ನಿಂತಿದ್ದೆ. ಕೈಯಲ್ಲಿ ಬಟ್ಟೆಯೇ ಇರಲಿಲ್ಲ.

ಈ ಭಾನುವಾರ ಬಂದಾಗ ಅವರನ್ನು ಹೊಗಳಬೇಡ, ಕಣ್ಣೀರಂತೂ ಹಾಕಲೇಬೇಡ. ಅಷ್ಟೊಂದು ದೊಡ್ಡ ಕೆಲಸ ಮಾಡಿದೆನಾ ಎಂದು ಮತ್ತೆ ಹೆದರಿ ಕೂತುಬಿಡುತ್ತಾರೆ. ‘ಅಮ್ಮನಿಗೂ ಸ್ವಲ್ಪ ಬಿಡಿ ಅಪ್ಪಾ’ ಎಂದು ಜಗಳ ಆಡು. ಮತ್ತೆ ನನ್ನ ಅಳತೆಯ ಒಂದು ಪ್ಯಾಂಟು ತಾ, ಕಪ್ಪು ಬಣ್ಣದ್ದು.

ಇಂತಿ,
ಸ್ವಂತ ದೋಣಿಯಲ್ಲೇ ಜಾಗವಿಲ್ಲದ
ನಿನ್ನ ಅಮ್ಮ
ಮಹಾಂತಮ್ಮ

ತಾ.ಕ.: ಸದ್ದು ಯಾವುದೆಂದು ವೀರಮ್ಮನವರಿಗೆ ನಾನು ಮೊದಲ ವಾರವೇ ಹೇಳಿದ್ದೆ. ಇಬ್ಬರೂ ಸೇರಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ನಮ್ಮೆಜಮಾನರಿಗೆ ಹೇಳಿಬಿಡಲಾ ಎಂದು ಅವರು ಕೇಳಿದಾಗ ಬೇಡ ಅಂದವಳು ನಾನು. ‘ಅವರ ಸಿಟ್ಟು ಚೆನ್ನಾಗಿ ಕಾಯಲಿ, ನಾನು ಹೊರಗೆ ಬರೋಕಾಗದ ಹೊತ್ತು ನೋಡಿ ಮೇಲೆ ಕಳಿಸಿ’ ಅಂದೆ. ಕೋಪದಲ್ಲಿ ನಿಮ್ಮಪ್ಪ ಎದ್ದು ನಾಲ್ಕು ಹೆಜ್ಜೆ ಹಾಕಲಿ ಎಂದಷ್ಟೇ ನನ್ನ ಲೆಕ್ಕವಿತ್ತು. ಮಷೀನನ್ನೇ ಹತ್ತುತ್ತಾರೆಂದು ಎಣಿಸಿರಲಿಲ್ಲ. ಅವರ ಕೈ ಎದೆಗೆ ಹೋದಾಗ ನಾನು ಬಾಗಿಲ ಹಿಂದೆ ನಿನ್ನ ನಂಬರ್ ಒತ್ತಿಬಿಟ್ಟಿದ್ದೆ. ಗುರುವಾರ ಬೆಳಿಗ್ಗೆ ಒಂದೇ ರಿಂಗಾಗಿ ನಿಂತುಹೋಯಿತಲ್ಲ, ನೀನು ತಿರುಗಿ ಮಾಡಿದಾಗ ಕೈತಪ್ಪಿ ಒತ್ತಿದೆ ಅಂದೆನಲ್ಲ, ಅದು ಅದೇ. ಮತ್ತೆ ಝುಳ್ ಅಂದದ್ದು ಕೇಳಿ ಕಟ್ ಮಾಡಿದೆ.