ಅಂಟುವಾಳದಲ್ಲಿ ತೊಳೆದ ಬುಡ್ಡಿ

ಜಯನಗರ
೧೪-೨-೧೯೮೨

ಗಂಗಯ್ಯನವರಿಗೆ ನಮಸ್ಕಾರ.

ಅನಿಲಗಳು ಒಂದರೊಡನೊಂದು ಎಷ್ಟು ವೇಗವಾಗಿ ವರ್ತಿಸುತ್ತವೆ ಎಂಬ ನನ್ನ ಸಂಶೋಧನೆಗೆ ಪ್ರಶಸ್ತಿ ಬಂದಿದೆ. ಪೇಪರಿನಲ್ಲಿ ನೋಡಿರಬಹುದು.

ನನ್ನ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದಾಗ, ಆಸಿಡ್ಡಿನಲ್ಲಿ ತೊಳೆದರೆ ಕೈ ಸುಡುತ್ತದೆಂದು ನೀವು ಒಂದು ಗಾಜಿನ ಬುಡ್ಡಿಯನ್ನು ಅಂಟುವಾಳದಲ್ಲಿ ತೊಳೆದಿರಿ. ಅದರಲ್ಲಿ ಮಾತ್ರ ಅನಿಲಗಳು ವರ್ತಿಸುವ ವೇಗ ತಗ್ಗಿತು. "ಇದೇನು ನಿಮ್ಮನೆ ಬೆಳ್ಳಿ ಚೊಂಬೇನಯ್ಯಾ?" ಎಂದು ಬೈದು ನಿಮ್ಮನ್ನು ಗೇಟಿನ ಕೆಲಸಕ್ಕೆ ಹಾಕಿಸಿದೆ. "ಯಾಕೆ ಹಿಂಗಾಯ್ತು ಅಂತ ಒಂದ್ಸಲ ನೋಡಿ ಸಾರ್" ಎಂದಿರಿ.

ನೀವು ಹೋದ ಮೇಲೆ ನೋಡಿದೆ. ಗಾಜಿಗೆ ಅಂಟಿದ್ದ ಅಂಟುವಾಳದ ತೆಳುಪೊರೆಯೇ ಕಾರಣ. ಪ್ರಶಸ್ತಿ ಬಂದದ್ದು ಅದಕ್ಕೇ. ಲೇಖನದಲ್ಲಿ 'ಆಕಸ್ಮಿಕವಾಗಿ ತಿಳಿಯಿತು' ಎಂದು ಬರೆದೆ. ನಿಮ್ಮ ಹೆಸರು ಬರೆಯಲಿಲ್ಲ.

ಈಗಲೂ ಗೇಟಿನಲ್ಲಿ ನನ್ನ ಸ್ಕೂಟರ್ ಕಂಡರೆ ಎದ್ದು ನಿಲ್ಲುತ್ತೀರಿ. ಮುಂದಿನ ಭಾನುವಾರ ಯಡಿಯೂರಿನ ನಿಮ್ಮ ಮನೆಗೆ ಬರುತ್ತೇನೆ. ದಯವಿಟ್ಟು ಅಲ್ಲಿ ಏಳಬೇಡಿ.

ಇತಿ,
ಶ್ರೀಕಂಠಮೂರ್ತಿ